ರೊಪ್ಪದ ನಾಯಿಗೆ ಹೆಸರಿಡಬಾರದು

ಸಾವನದುರ್ಗದ ಹತ್ತಿರ,
ಮಾಗಡಿ ತಾಲ್ಲೂಕು
12-8-1987, ಬುಧವಾರ

ಪ್ರೀತಿಯ ವಜೀರಾ,

ನೀನು, ನಿಮ್ಮ ಅಮ್ಮಿ, ನಜೀರ್ ಭಾಯಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ. ಮೊದಲ ಸಲ ಮಗು ಎದ್ದಳು. ಎರಡನೇ ಸಲ ಪೆನ್ನು ಹಿಡಿದುಕೊಂಡೇ ತೂಕಡಿಸಿ, ಹಾಳೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಒಂದು ಗೆರೆ ಎಳೆದುಬಿಟ್ಟಿದ್ದೆ. ಮೂರನೇ ಸಲ ಏನಾಯಿತೆಂದು ಮುಂದೆ ಬರೆಯುತ್ತೇನೆ. ಕೋಪ ಮಾಡಿಕೊಳ್ಳಬೇಡ. ಕಾಲೇಜಿನಲ್ಲಿ ನಿನಗೆ ನೋಟ್ಸ್ ಬರೆದುಕೊಡುತ್ತಿದ್ದ ಮುನಿರತ್ನ ಇವಳೇನಾ ಅನ್ನಿಸುವಷ್ಟು ನನ್ನ ಅಕ್ಷರ ಕೆಟ್ಟಿದೆ. ಅದನ್ನೂ ಹೊಟ್ಟೆಗೆ ಹಾಕಿಕೋ.

ನಾಳೆ ಬೆಳಿಗ್ಗೆ ನಮ್ಮವರು ರೇಷ್ಮೆ ಗೂಡು ತೆಗೆದುಕೊಂಡು ರಾಮನಗರದ ಮಾರ್ಕೆಟ್ಟಿಗೆ ಬರುತ್ತಾರೆ. ಈ ಕಾಗದವನ್ನು ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಈ ಸಲ ಗೂಡು ಚೆನ್ನಾಗಿ ಕಟ್ಟಿದೆ, ಗಟ್ಟಿಯಾಗಿದೆ. ನೂಲು ಬಿಚ್ಚಲು ನಿಮ್ಮ ಚರಕದ ಮನೆಗೇ ಬಂದು ಸೇರಿದರೆ ನನ್ನನ್ನು ನೆನೆಸಿಕೋ.

ಮಗುವಿಗೆ ನಾಳಿದ್ದಿಗೆ ಮೂರು ತಿಂಗಳು. ಇನ್ನೂ ಹೆಸರಿಟ್ಟಿಲ್ಲ. ಎಲ್ಲರ ಬಾಯಲ್ಲೂ ಪುಟ್ಟಿ. ಕತ್ತು ನಿಲ್ಲುತ್ತಾ ಬಂದಿದೆ. ನಗುತ್ತಾಳೆ, ಆದರೆ ನನ್ನನ್ನು ನೋಡಿ ಅಲ್ಲ, ಸೂರಿನ ತೊಲೆ ನೋಡಿಕೊಂಡು. ಅವಳು ಅಳುತ್ತಿದ್ದರೆ ನನಗೆ ಅಷ್ಟು ಭಯವಿಲ್ಲ. ಸುಮ್ಮನೆ ಮಲಗಿದಾಗಲೇ ಭಯ. ಮೂಗಿನ ಹತ್ತಿರ ಕೈ ಹಿಂಭಾಗ ಹಿಡಿದು ಉಸಿರು ನೋಡುತ್ತೇನೆ. ತಣ್ಣಗಿನ ಕೈ ತಾಗಿ ಅವಳು ಎಚ್ಚರವಾಗುತ್ತಾಳೆ. ಆಮೇಲೆ ಇಬ್ಬರಿಗೂ ನಿದ್ದೆಯಿಲ್ಲ. ನಿದ್ದೆ ಎನ್ನುವುದು ನನ್ನ ಪಾಲಿಗೆ ನಮ್ಮೂರ ಬಸ್ಸಿನ ಹಾಗಾಗಿದೆ ಕಣೇ, ಬಂದರೂ ನಿಲ್ಲುವುದಿಲ್ಲ.

ಬಾಣಂತಿಯನ್ನು ಮನೆಯಿಂದ ಆಚೆ ಇಟ್ಟಿದ್ದಾರಂತೆ ಹೌದಾ ಎಂದು ನೀನು ಕೇಳಿದ್ದೆ. ಯಾರು ಹೇಳಿದರೋ, ಕೆಟ್ಟದ್ದಾಗಿ ಹೇಳಿದ್ದಾರೆ. ತವರಿನಲ್ಲಿ ಅಮ್ಮ ಇಲ್ಲದ್ದಕ್ಕೆ ನಮ್ಮತ್ತೆ ದಾಸಮ್ಮನೇ ಬಾಣಂತನ ಮಾಡುತ್ತಿದ್ದಾರೆ, ಸ್ವಂತ ಮಗಳಿಗೆ ಮಾಡುವ ಹಾಗೆ. ಆದರೆ ನಡುಮನೆಯ ತುಂಬ ರೇಷ್ಮೆ ಹುಳದ ತಟ್ಟೆಗಳು. ಮಗುವಿಗೆ ದಿನಾ ಸಾಂಬ್ರಾಣಿ ಹೊಗೆ ಹಾಕಬೇಕು, ನನಗೆ ಬೆಳ್ಳುಳ್ಳಿ, ಇಂಗು. ಹುಳಕ್ಕೆ ಹೊಗೆಯೂ ಆಗದು, ಘಾಟೂ ಆಗದು. "ಅವ್ವಾ, ಒಳಗೆ ಲಕ್ಷ್ಮಿ ಅವ್ಳೆ, ನಿನ್ ಮಡ್ಲಲ್ಲೂ ಲಕ್ಷ್ಮಿ ಅವ್ಳೆ. ಇಬ್ರನ್ನೂ ಒಂದೇ ಸೂರಡಿ ಮಡಗೋದೆಂಗೆ ಹೇಳು" ಎಂದು ಅತ್ತೆ ನನಗೆ ಕುರಿರೊಪ್ಪದ ಪಕ್ಕದ ಕೋಣೆ ಸಾರಿಸಿ ಕೊಟ್ಟರು. ಬೆಚ್ಚಗಿದೆ. ಕುರಿಯ ವಾಸನೆ ಈಗ ಮೂಗಿಗೆ ತಿಳಿಯುವುದಿಲ್ಲ. ಗೋಡೆಯ ಆಚೆ ಮರಿಗಳು ಅರಚುತ್ತವೆ, ಈಚೆ ನನ್ನದು.

ಕಾಗದದ ಕೊನೆಯಲ್ಲಿ ನೀನು ಕೇಳಿದ್ದೆ, "ನಮ್ಮ ಬಾದಾಮಿ ಹೇಗಿದ್ದಾನೆ?" ಎಂದು. ಮೂರನೇ ಸಲ ಕೂತಾಗ ಪೆನ್ನು ನಿಂತದ್ದು ಆ ಪ್ರಶ್ನೆಯ ಮುಂದೆ.

ನಿಮ್ಮ ಚರಕದ ಮನೆಯ ಹಿತ್ತಲಲ್ಲಿ ಹುಟ್ಟಿದ ಆ ಕಂದು ನಾಯಿಮರಿಯನ್ನು ನನ್ನ ಮದುವೆಯ ವರ್ಷ ನೀನು ಬುಟ್ಟಿಯಲ್ಲಿ ಹಾಕಿ ಕೊಟ್ಟೆಯಲ್ಲ, ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾಗಡಿ ಬಸ್ಸಿನಲ್ಲಿ ತಂದಿದ್ದೆ. ಮನೆಗೆ ಬಂದ ತಕ್ಷಣ ನಮ್ಮ ಮಾವ ಚಿಕ್ಕಬೀರಯ್ಯನವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ನೇರ ರೊಪ್ಪದೊಳಗೆ, ಕುರಿಮರಿಗಳ ಮಧ್ಯೆ ಬಿಟ್ಟರು. ಈದಿದ್ದ ಒಂದು ಕುರಿಯ ಹಿಂಗಾಲು ಹಿಡಿದು ಅದರ ಹಾಲನ್ನೇ ಕುಡಿಸಿದರು. ಊಟ, ನೀರು, ನಿದ್ದೆ ಎಲ್ಲ ಅಲ್ಲೇ. ಯಾರೂ ಮುದ್ದು ಮಾಡುವ ಹಾಗಿಲ್ಲ. ನಾನು "ಬಾದಾಮಿ" ಎಂದು ಕರೆದಾಗ ಹೇಳಿದ್ದರು:

"ರೊಪ್ಪದ್ ನಾಯ್ಗೆ ಮನೆ ಬಾಗ್ಲು ತೋರಿಸ್ಬಾರ್ದು ಕಣವ್ವ. ಹೆಸ್ರಿಟ್ರೆ ಅದು ನಿನ್ ನಾಯಾಯ್ತದೆ. ಹೆಸ್ರಿಲ್ದಿದ್ರೆ ಕುರೀದಾಯ್ತದೆ."

ಅವರು ಹೇಳಿದ ಹಾಗೇ ಆಯಿತು. ತಾನೂ ಒಂದು ಕುರಿ ಎಂದುಕೊಂಡು ಬೆಳೆದ ನಾಯಿ ಅದು. ದೊಡ್ಡ ಕುರಿಗಳು ಮಾವನ ಜೊತೆ ಮೇಯಲು ಹೋದಾಗ ಮರಿಗಳ ಕಾವಲಿಗೆ ಅದೊಂದೇ. ಮರಿಗಳು ಅದರ ಬೆನ್ನಿನ ಮೇಲೆ ಹತ್ತಿ ಕುಣಿದರೂ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿತ್ತು. ಬೇಲಿಯಾಚೆ ಒಂದು ತರಗೆಲೆ ಸರಿದರೆ ಎದ್ದು ನಿಲ್ಲುತ್ತಿತ್ತು.

ಈ ಎರಡು ವರ್ಷದಲ್ಲಿ ನಮ್ಮ ಕಡೆ ಬೀಡಾಡಿ ನಾಯಿಗಳ ಕಾಟ ವಿಪರೀತವಾಗಿದೆ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾದವು, ಮನೆಮನೆಯಲ್ಲೂ ಹುಳ. ರೋಗ ಬಿದ್ದ ಹುಳವನ್ನೆಲ್ಲ ತಿಪ್ಪೆಗೆ ಸುರಿಯುತ್ತಾರೆ. ಅದರ ಜೊತೆಗೆ ಯಾರೋ ಪುಣ್ಯಾತ್ಮ, ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳವನ್ನು ನಿಮ್ಮ ಕಡೆಯಿಂದ ಲಾರಿಯಲ್ಲಿ ತರಿಸಿ, ತೆಂಗಿನ ತೋಟಕ್ಕೆ ಗೊಬ್ಬರವಾಗಲಿ ಎಂದು ಕೆರೆ ಏರಿಯ ಪಕ್ಕ ಗುಡ್ಡೆ ಹಾಕಿಸುತ್ತಿದ್ದ. ಎಲ್ಲಿಲ್ಲದ ನಾಯಿಗಳು ಅಲ್ಲಿ ಸೇರಿದವು, ತಿಂದು ಕೊಬ್ಬಿದವು, ಮರಿ ಹಾಕಿದವು. "ನಿನ್ ಗೆಳತಿ ನೂಲು ತಾನಿಟ್ಕಂಡು ನಾಯಿ ನಮಗೆ ಕಳ್ಸವ್ಳೆ" ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಮಳೆ ಹಿಡಿದ ಮೇಲೆ ಲಾರಿ ನಿಂತಿತು. ನಾಯಿಗಳ ಹೊಟ್ಟೆ ನಿಲ್ಲಬೇಕಲ್ಲ. ಮೊದಲು ಕೋಳಿಗಳು ಹೋದವು. ಆಮೇಲೆ ಪಕ್ಕದ ಮನೆಯ ಮಾಯಣ್ಣನ ಎಳೆಗರು.

ನಮ್ಮವರು ಹುಷಾರಾದರು. ರೊಪ್ಪದ ಸುತ್ತ ಇದ್ದ ಜಾಲಿಮುಳ್ಳಿನ ಬೇಲಿ ತೆಗೆಸಿ, ಕಲ್ಲುಕಂಬ ನೆಟ್ಟು ನಾಲ್ಕು ಸಾಲು ಮುಳ್ಳುತಂತಿ ಎಳೆಸಿದರು. ಬಾಗಿಲಿಗೆ ಮಾತ್ರ ಹಳೆಯ ಮುಳ್ಳಿನ ತಡಿಕೆಯೇ ಉಳಿಯಿತು. ಅದನ್ನು ನೋಡಿ ಮಾಯಣ್ಣ, "ಏನ್ ಚಿಕ್ಕಬೀರಣ್ಣ, ನಿನ್ ಮಗ ಬೇಲಿ ಹಾಕ್ಸವ್ನೋ, ಸೊಸೆ ಬಟ್ಟೆ ಒಣಗಾಕ್ಲಿ ಅಂತ ತಂತಿ ಕಟ್ಸವ್ನೋ?" ಎಂದ. ಮಾವ ಮಗನಿಗೆ ಹೇಳಿದ್ದು ಒಂದೇ ಮಾತು: "ತಂತಿ ಕಂಡ್ರೆ ದನ ನಿಂತ್ಕತ್ತದೆ ಕಣ್ಲಾ. ನಾಯಿ ನಿಂತ್ಕಳಾಕಿಲ್ಲ." ಇವರು ಮುಖ ಊದಿಸಿಕೊಂಡು ಎರಡು ದಿನ ಅಪ್ಪನ ಹತ್ತಿರ ಮಾತಾಡಲಿಲ್ಲ.

ಹೋದ ಗುರುವಾರ ಹುಳ ಹಣ್ಣಾಯಿತು. ನಿನಗೆ ಗೂಡು ಗೊತ್ತು, ಹುಳ ಹಣ್ಣಾಗುವ ದಿನದ ಗಡಿಬಿಡಿ ಗೊತ್ತಿಲ್ಲ. ಹಣ್ಣಾದ ಹುಳ ಕಾಯುವುದಿಲ್ಲ. ಒಂದೊಂದನ್ನೂ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ತಟ್ಟೆಯಲ್ಲೇ ನೂಲು ಚೆಲ್ಲಿಬಿಡುತ್ತದೆ. ಮನೆಯವರು ಸಾಲದೆ ಅಕ್ಕಪಕ್ಕದವರೆಲ್ಲ ಬಂದು ಆರಿಸುತ್ತಿದ್ದರು. ಮಾವ ಬೆಳಿಗ್ಗೆಯೇ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಹೋಗಿದ್ದರು. ರೊಪ್ಪದಲ್ಲಿ ಹದಿನಾಲ್ಕು ಮರಿ, ಮತ್ತೆ ನಾಯಿ. ಬಾಡಿಗೆ ಚಂದ್ರಿಕೆ ತುಂಬಿದ ಗಾಡಿ ರೊಪ್ಪದ ಮೂಲಕ ಹಿತ್ತಲ ಬಾಗಿಲಿಗೆ ಬರಲೆಂದು ನಮ್ಮವರು ಆ ತಡಿಕೆಯನ್ನು ಪಕ್ಕಕ್ಕೆ ಎಳೆದರು. ಮತ್ತೆ ಮುಚ್ಚಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ನಾಯಿಗಳು ಒಳಗೆ ನುಗ್ಗಿದವು.

ಒಂಬತ್ತು ಮರಿ ಸತ್ತವು, ವಜೀರಾ. ತಿಂದದ್ದು ಕಮ್ಮಿ, ಕಚ್ಚಿ ಎಸೆದದ್ದೇ ಹೆಚ್ಚು. ಜನ ಓಡಿ ಬರುವ ಹೊತ್ತಿಗೆ ಬೀಡಾಡಿ ನಾಯಿಗಳು ಓಡಿಹೋಗಿದ್ದವು. ಸತ್ತ ಮರಿಗಳ ನಡುವೆ ಬಾದಾಮಿ ಒಂದೇ ನಿಂತಿತ್ತು. ಅದರ ಬಾಯಿ, ಮೂತಿ, ಎದೆ ಎಲ್ಲ ರಕ್ತ. ಮೈಮೇಲೆ ಒಂದು ಗಾಯವಿಲ್ಲ.

"ನೋಡ್ರಪ್ಪಾ, ಕಾಯಾಕೆ ಮಡಗಿದ್ದು ಅವುಗಳ ಜೊತೆ ಊಟಕ್ಕೆ ಕೂತದೆ" ಎಂದ ಮಾಯಣ್ಣ. ಯಾರು ಎದುರು ಹೇಳುತ್ತಾರೆ, ಕಣ್ಣೆದುರಿಗೇ ರಕ್ತವಿತ್ತು. ರಕ್ತದ ರುಚಿ ಕಂಡ ನಾಯಿಯನ್ನು ರೊಪ್ಪದಲ್ಲಿ ಇಟ್ಟುಕೊಳ್ಳುವುದಿಲ್ಲ, ಇದು ಕುರಿ ಕಾಯುವವರ ತಲತಲಾಂತರದ ರಿವಾಜು. ಕೊಲ್ಲಬೇಕು. ಮಾವ ಕುರಿ ಮೇಯಿಸಿಕೊಂಡು ಬಂದವರು ಮರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ನಾಯಿಯ ಕುತ್ತಿಗೆಗೆ ಹಗ್ಗ ಹಾಕಿಕೊಂಡು ಬೆಟ್ಟದ ಕಡೆ ನಡೆದರು. ಬೆಟ್ಟದ ಆ ಮಗ್ಗುಲಿಗೆ ಬಿಟ್ಟು ಕತ್ತಲಾದ ಮೇಲೆ ಬಂದರು. ಕೊಲ್ಲಲು ಕೈ ಬರಲಿಲ್ಲ ಎಂದಷ್ಟೇ ಹೇಳಿದರು.

ಅವತ್ತಿನಿಂದ ಇವರು ಊಟಕ್ಕೆ ಕೂತಾಗಲೆಲ್ಲ, "ತಡಿಕೆ ಮುಚ್ಚಿದ್ರೆ ಆಯ್ತಿತ್ತು, ನನ್ನಿಂದ್ಲೇ ಆಗಿದ್ದು" ಎನ್ನುತ್ತಾರೆ. ಮುದ್ದೆ ಅರ್ಧಕ್ಕೇ ಬಿಡುತ್ತಾರೆ. ಈಗ ಅಪ್ಪ ಹೇಳಿದ ಹಾಗೇ ಬೇಲಿ ಸರಿಮಾಡಿಸಿದ್ದಾರೆ. ತಂತಿಯ ಒಳಮಗ್ಗುಲಿಗೆ ಮತ್ತೆ ಜಾಲಿಮುಳ್ಳು. ಬುಡದಲ್ಲಿ ಸಣ್ಣ ಕಣ್ಣಿನ ಜಾಲರಿ, ಅದನ್ನು ಹೊರಗಡೆಗೆ ಒಂದು ಮೊಳ ನೆಲದ ಮೇಲೆ ಮಡಿಸಿ ಚಪ್ಪಡಿ ಹೇರಿದ್ದಾರೆ. ನಾಯಿ ಬೇಲಿಯ ಬುಡದಲ್ಲೇ ತೋಡಲು ಶುರುಮಾಡುವುದಂತೆ, ಉಗುರಿಗೆ ಕಲ್ಲು ಸಿಕ್ಕಿದರೆ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲವಂತೆ. ಬಾಗಿಲಿಗೂ ತಡಿಕೆಯ ಬದಲು ಮರದ ಗೇಟು ಬಂದಿದೆ. ಉಳಿದ ಐದು ಮರಿಗೆ ಇಷ್ಟೆಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ, ಬೇಲಿಯಾಚೆ ಹೊಂಗೆಮರದ ಬುಡದಲ್ಲಿ ಬಾದಾಮಿ ಮಲಗಿತ್ತು. ಬೆಟ್ಟ ಸುತ್ತಿ ಬಂದಿದೆ. ಕುಂಟುತ್ತಿದೆ. ನಾನು ಮೊದಲು ನೋಡಿದ್ದು ಅದರ ಕುತ್ತಿಗೆಯನ್ನು. ಬರಿದಾಗಿತ್ತು. ಬೊಗಳುವುದಿಲ್ಲ, ಒಳಗೆ ಬರಲು ನೋಡುವುದಿಲ್ಲ. ಮರಿಗಳ ಕಡೆ ಮುಖ ಮಾಡಿಕೊಂಡು ಮಲಗಿರುತ್ತದೆ. ಮಾವ ಕಲ್ಲು ಎಸೆಯುತ್ತಾರೆ. ಜೀವಮಾನವೆಲ್ಲ ಕವಣೆ ಬೀಸಿದವರ ಕಲ್ಲು ಒಂದಾದರೂ ತಾಗುವುದಿಲ್ಲ.

ಮಾಯಣ್ಣ ಬಿಡುತ್ತಿಲ್ಲ. "ಇದು ಇಲ್ಲಿದ್ರೆ ಆ ಗುಂಪ್ನೆಲ್ಲ ಕರ್ಕಂಡ್ ಬತ್ತದೆ" ಎಂದು ಮಾಗಡಿಯಿಂದ ವಿಷದ ಪೊಟ್ಟಣ ತಂದಿದ್ದಾನೆ. "ಗೂಡು ಬಿಡಿಸಿ ಆಗ್ಲಿ, ಆಮ್ಯಾಕೆ ನೋಡನ" ಎಂದು ಮಾವ ಎರಡು ದಿನ ತಳ್ಳಿದರು. ಇವತ್ತು ಬೆಳಿಗ್ಗೆ ಗೂಡು ಬಿಡಿಸಿ ಆಯಿತು. ಸಂಜೆ ಕೋಳಿ ಮುಚ್ಚುವ ಹೊತ್ತಿಗೆ ಮುದ್ದೆಯಲ್ಲಿ ಕಲಸಿ ಇಡುತ್ತಾನಂತೆ.

ನಮ್ಮವರು ನಾಳೆ ನಿಮ್ಮ ಮನೆಗೂ ಬರುತ್ತಾರೆ. ನಿಮ್ಮ ಹಿತ್ತಲಲ್ಲಿ ನಾಯಿ ಮತ್ತೆ ಮರಿ ಹಾಕಿದೆ ಎಂದು ಬರೆದಿದ್ದೆಯಲ್ಲ, ಒಂದು ಮರಿಯನ್ನು ಕೊಡು. ಗಂಡಾದರೆ ಒಳ್ಳೆಯದು. ಈ ಸಲ ಮಾವ ಹೇಳಿದ ಹಾಗೇ ಸಾಕುತ್ತೇವೆ. ನಾನು ಮುಟ್ಟುವುದಿಲ್ಲ.

ಅಮ್ಮಿಗೆ ನನ್ನ ನಮಸ್ಕಾರ. ನಿನ್ನ ಮಡಿಲೂ ಬೇಗ ತುಂಬಲಿ, ಆದರೆ ತುಂಬುವ ಮೊದಲು ಚೆನ್ನಾಗಿ ನಿದ್ದೆ ಮಾಡಿಕೊಂಡಿರು. ನಿಮ್ಮ ಚರಕಗಳು ನಿಲ್ಲದೆ ತಿರುಗಲಿ. ಪುಟ್ಟಿಯ ಪುಟ್ಟ ಕಾಲಿನಿಂದ ನಿನಗೊಂದು ಒದೆತ.

ಇಂತು ನಿನ್ನ,
ಮುನಿರತ್ನ

ಹೆಸರು ಬರೆದ ಮೇಲೆ ಇದು: ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ವಜೀರಾ. ಆದರೆ ಒಂದು ಗಂಟೆ ಹೊತ್ತನ್ನು ಬಿಟ್ಟು ಬರೆದಿದ್ದೇನೆ.

ಆ ಗುರುವಾರ ಜನ ಚಂದ್ರಿಕೆ ಹೊತ್ತುಕೊಂಡು ಓಡಾಡುತ್ತಿದ್ದರು. ಹೊಸಬರ ಕಾಲಸಪ್ಪಳ ಕೇಳಿದಾಗಲೆಲ್ಲ ಬಾದಾಮಿ ಬೊಗಳುತ್ತಿತ್ತು. ಅದು ಬೊಗಳಿದಾಗಲೆಲ್ಲ ಪುಟ್ಟಿ ಬೆಚ್ಚಿ ಎದ್ದು ಅಳುತ್ತಿದ್ದಳು. ಹಿಂದಿನ ಎರಡು ರಾತ್ರಿ ನಾನು ರೆಪ್ಪೆ ಮುಚ್ಚಿರಲಿಲ್ಲ. "ಒಸಿ ರೊಪ್ಪದ ಕಡೆ ಕಿವಿ ಮಡಗಿರವ್ವ, ನಾಯಿ ಐತೆ, ಭಯ ಇಲ್ಲ" ಎಂದು ಅತ್ತೆ ಹೇಳಿ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಬೊಗಳು ನನ್ನ ತಲೆಯೊಳಗಿಂದಲೇ ಬರುತ್ತಿದೆ ಅನ್ನಿಸಿತು. ರೊಪ್ಪಕ್ಕೆ ಹೋಗಿ "ಬಾದಾಮಿ, ಬಾ" ಎಂದು ಕರೆದೆ. ಬಂತು. ಯಾಕೆ ಬಂತೆಂದರೆ, ಬಾಣಂತನದ ಈ ಮೂರು ತಿಂಗಳೂ ಯಾರಿಗೂ ಕಾಣದ ಹಾಗೆ ಅದನ್ನು ಹೆಸರು ಹಿಡಿದು ಕರೆದು, ನನ್ನ ಪಾಲಿನ ಹಾಲು-ಅನ್ನ ಹಾಕುತ್ತಿದ್ದೆ. ಅಷ್ಟು ಹೊತ್ತು ಒಬ್ಬಳೇ ಕೂತಿರುತ್ತಿದ್ದೆ, ಮಾತಾಡಲು ಬೇರೆ ಯಾರಿದ್ದರು?

ಹಳೆಯ ಹಸಿರು ಸೀರೆಯ ಚೂರು ಹರಿದು ಅದರ ಕುತ್ತಿಗೆಗೆ ಕಟ್ಟಿ, ನನ್ನ ಕೋಣೆಯ ಕಂಬಕ್ಕೆ ಬಿಗಿದು, ಬಾಗಿಲು ಹಾಕಿಕೊಂಡೆ. ಅನ್ನ ಹಾಕಿದೆ. ಸುಮ್ಮನಾಯಿತು. ಪುಟ್ಟಿಯೂ ಮಲಗಿದಳು. ಐದು ನಿಮಿಷ ಎಂದು ತಲೆ ಇಟ್ಟೆ.

ಅಷ್ಟು ಒಳ್ಳೆಯ ನಿದ್ದೆ ಹೆತ್ತ ಮೇಲೆ ಬಂದಿರಲಿಲ್ಲ ಕಣೇ. ಎಚ್ಚರವಾದಾಗ ರವಿಕೆ ಹಾಲಿನಿಂದ ನೆನೆದುಹೋಗಿತ್ತು. ಬಾದಾಮಿ ಬಾಗಿಲ ಕಡೆಗೆ ಜಗ್ಗಿ ಜಗ್ಗಿ, ದನಿ ಕೂಡ ಹೊರಡದೆ, ಉಸಿರು ಕಟ್ಟಿಕೊಂಡು ಒದ್ದಾಡುತ್ತಿತ್ತು. ಗಂಟು ಬಿಚ್ಚಲು ಬರಲಿಲ್ಲ. ಬಟ್ಟೆಯನ್ನು ಹರಿದೆ, ಕುತ್ತಿಗೆಯ ಸುತ್ತಿನದು ಕೂದಲೊಳಗೆ ಹುದುಗಿ ಅಲ್ಲೇ ಉಳಿಯಿತು. ಬಾಗಿಲು ತೆಗೆದೆ. ಅದು ಓಡಿದಾಗ ರೊಪ್ಪದಲ್ಲಿ ಬೇರೆ ನಾಯಿ ಒಂದೂ ಇರಲಿಲ್ಲ. ಒಂದೊಂದು ಮರಿಯ ಹತ್ತಿರವೂ ಹೋಗಿ ನೆಕ್ಕಿತು, ಎಬ್ಬಿಸುವ ಹಾಗೆ ಮೂತಿಯಿಂದ ತಳ್ಳಿತು. ಆ ರಕ್ತ ಹಾಗೆ ಬಂದದ್ದು. ನಾನು ನೋಡುತ್ತಾ ನಿಂತಿದ್ದೆ. ಆಮೇಲೆ ಕೂಗಿಕೊಂಡೆ. ಜನ ಬಂದರು. ಮಾಯಣ್ಣ ಆ ಮಾತು ಅಂದಾಗ ನಾನು ಮಗುವನ್ನು ಎತ್ತಿಕೊಂಡು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. "ಪಾಪ, ಬಾಣಂತಿ ಹೆದರವ್ಳೆ" ಎಂದು ಯಾರೋ ನನಗೆ ನೀರು ಕೊಟ್ಟರು. ಕುಡಿದೆ.

ಇಷ್ಟು ಬರೆದು ಹಾಳೆ ಮಡಿಸಿದಾಗ ಮಾವ ಕುರಿ ಹೊಡೆದುಕೊಂಡು ಬಂದರು. ಮಾಯಣ್ಣನ ಮನೆಯಲ್ಲಿ ಮುದ್ದೆ ಬೇಯುತ್ತಿರಬೇಕು, ಹೊಗೆ ಕಾಣುತ್ತಿತ್ತು. ಮಗುವನ್ನು ಎತ್ತಿಕೊಂಡು ಹೋಗಿ ಅವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕಂಬಳಿ ಕೊಡವುತ್ತಿದ್ದವರು ನಿಲ್ಲಿಸಲಿಲ್ಲ. ಕೊಡವಿ, ಮಡಿಸಿ, ಹೆಗಲಿಗೆ ಹಾಕಿಕೊಂಡು, ಸೊಂಟದ ಎಲೆಯಡಿಕೆ ಚೀಲದಿಂದ ಒಂದು ಹಸಿರು ಬಟ್ಟೆಯ ಸುತ್ತನ್ನು ತೆಗೆದು ನನ್ನ ಕೈಗಿಟ್ಟರು.

"ಅವತ್ತು ಹಗ್ಗ ಹಾಕುವಾಗ್ಲೇ ಸಿಕ್ತು."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಮಾವ?"

"ನಾಯ್ಗಾದ್ರೆ ನಾಕ್ ದಿನ ಬೈದು ಸುಮ್ಕಾಯ್ತರೆ ಕಣವ್ವ. ನಿಂಗಾದ್ರೆ ನೀನು ಸಾಯೋಗಂಟ ಅಂತರೆ. ಹಸೀ ಮೈ ಬೇರೆ." ಎಲೆಯಡಿಕೆ ಚೀಲದ ಬಾಯಿ ಬಿಗಿದು ಕೇಳಿದರು, "ಅವತ್ತು ನಿದ್ದೆ ಬಂತಾ?"

"ಬಂತು ಮಾವ."

"ಬರ್ಲಿ ಬುಡು" ಎಂದರು. ನನ್ನ ಮುಖ ನೋಡಲಿಲ್ಲ.

ಆಮೇಲೆ ಮಾಯಣ್ಣನ ಮನೆಗೆ ಹೋಗಿ, ಬರುವಾಗ ಆ ಪೊಟ್ಟಣ ತಂದರು. ಏನು ಹೇಳಿ ಈಸಿಕೊಂಡರೋ ಗೊತ್ತಿಲ್ಲ. ಅತ್ತೆಗೂ ಇವರಿಗೂ ಹೇಳಬೇಡ ಎಂದಿದ್ದಾರೆ. ಅತ್ತೆಗೆ ಹೇಳುವುದಿಲ್ಲ. ಇವರಿಗೆ ಹೇಳಲೇಬೇಕು, ಅರ್ಧ ಬಿಟ್ಟೇಳುವ ಆ ಮುದ್ದೆಯನ್ನು ಇನ್ನೂ ಎಷ್ಟು ದಿನ ನೋಡಲಿ? ನಾಳೆ ಮಾರ್ಕೆಟ್ಟಿನಿಂದ ವಾಪಸ್ಸು ಬರಲಿ, ಹೇಳುತ್ತೇನೆ. ಲಕೋಟೆ ಅಂಟಿಸಿಯೇ ಅವರ ಕೈಗೆ ಕೊಡುತ್ತೇನೆ, ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ. ಮರಿಯನ್ನು ಈಗಲೇ ಕಳಿಸಬೇಡ. ಅದು ತಾಯಿಯ ಹತ್ತಿರ ಇನ್ನಷ್ಟು ದಿನ ಇರಲಿ.

ಮಾವ ಹೊಸ ಗೇಟು ತೆಗೆದು ಹಿಡಿದುಕೊಂಡು ನಿಂತರು. ನಾಲಿಗೆಯಿಂದ ಸದ್ದು ಮಾಡಿದರು, ಕುರಿ ಕರೆಯುವ ಹಾಗೆ ಕರೆದರು. ಬಾದಾಮಿ ಏಳಲಿಲ್ಲ. "ಅದೇನೋ ಹೆಸ್ರಿಕ್ಕಿದ್ಯಲ್ಲ, ಕೂಗು ನೋಡನ" ಎಂದು ನನಗೆ ಹೇಳಿದರು. ಕೂಗಿದೆ. ಕಿವಿ ನಿಮಿರಿತು. ತಲೆ ಎತ್ತಿ ನನ್ನನ್ನು ನೋಡಿತು. ಆಮೇಲೆ ತಲೆಯನ್ನು ಮತ್ತೆ ಕಾಲಿನ ಮೇಲಿಟ್ಟುಕೊಂಡು ಮರಿಗಳ ಕಡೆ ತಿರುಗಿತು.

ಕತ್ತಲಾಗುತ್ತಿದೆ. ಗೇಟು ತೆರೆದೇ ಇದೆ. ತೆರೆದ ಗೇಟಿನಲ್ಲಿ ಮಾವ ಕಂಬಳಿ ಹಾಸಿಕೊಂಡು ಕೂತಿದ್ದಾರೆ.